ಐವತ್ಮೂರನೇ ವಯಸ್ಸಿನ ಬಾಣಂತನ

ನನ್ನ ರವಿಕೆಯ ಐದು ಹುಕ್ಕುಗಳು ಎರಡು ವರ್ಷ ಕಾಲ ಶಿಕಾರಿಪುರದ ನಮ್ಮ ಬೀದಿಯ ಸಾರ್ವಜನಿಕ ಆಸ್ತಿಯಾಗಿದ್ದವು. ನನಗೆ ಸಂಧಿವಾತ. ಬೆಳಗ್ಗೆ ಎದ್ದಾಗ ಎರಡೂ ಕೈಯ ಬೆರಳುಗಳು ಸೌದೆಯ ಹಾಗೆ ಸೆಟೆದಿರುತ್ತವೆ, ಹತ್ತು ಗಂಟೆಯ ಹೊತ್ತಿಗೆ ಒಂದಿಷ್ಟು ಮಣಿಯುತ್ತವೆ. ಹೈಸ್ಕೂಲಿನ ಪ್ರಾರ್ಥನೆಯ ಗಂಟೆ ನನ್ನ ಬೆರಳಿಗಾಗಿ ಕಾಯುವುದಿಲ್ಲ. ಒಂಟಿಯಾಗಿರುವ ಕನ್ನಡ ಟೀಚರು ಹುಕ್ಕು ಹಾಕಿಕೊಳ್ಳದೆ ಹಳಗನ್ನಡ ಪಾಠ ಮಾಡಲಾದೀತೇ? ಹಾಗಾಗಿ ದಿನಾ ಎಂಟೂವರೆಗೆ ಸೆರಗನ್ನು ಶಾಲಿನಂತೆ ಸುತ್ತಿಕೊಂಡು ಪಕ್ಕದ ಮನೆಯಾಕೆಯ ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದೆ.

ಆಕೆ ಒಳ್ಳೆಯವರು. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಸುಮ್ಮನೆ ಹುಕ್ಕು ಹಾಕಿ ಕಳಿಸುತ್ತಿದ್ದರು. ಇವರು ಒಂದೊಂದು ಹುಕ್ಕಿಗೆ ಒಂದೊಂದು ಉಪದೇಶ ಹೇಳುತ್ತಿದ್ದರು. ಮೊದಲನೆಯದಕ್ಕೆ ನೆನೆಸಿದ ಮೆಂತ್ಯ. ಎರಡನೆಯದಕ್ಕೆ ಎಕ್ಕದ ಎಲೆ. ಮೂರನೆಯದಕ್ಕೆ ಹಿಂದಿನ ಜನ್ಮದಲ್ಲಿ ನಾನು ಮಾಡಿರಬಹುದಾದ ಪಾಪಗಳು. ನಾಲ್ಕನೆಯದಕ್ಕೆ ಅವರ ಭಾವನ ಮಂಡಿ, ಅದು ಹೇಗೆ ನೆಲ್ಲಿಕಾಯಿ ತಿಂದೇ ನೆಟ್ಟಗಾಯಿತು ಎಂಬ ಪುರಾಣ. ಐದನೆಯದು ಮಾತ್ರ ಎಂದೂ ಬದಲಾಗಲಿಲ್ಲ.

"ಮದ್ವಿ ಆಗಿದ್ರೆ ಹುಕ್ಕು ಹಾಕಾಕೆ ಮನ್ಯಾಗೇ ಒಬ್ರು ಇರ್ತಿದ್ರಲ್ರೀ ಟೀಚರೇ."

ಇಡೀ ಬೀದಿಯಲ್ಲಿ ಹೆಂಡತಿಗೆ ಹುಕ್ಕು ಹಾಕಿಕೊಡುವ ಗಂಡ ಯಾರಿದ್ದಾರೆ ತೋರಿಸಿ ಎಂದು ಕೇಳಲು ನಾಲಿಗೆ ತುರಿಸುತ್ತಿತ್ತು. ಆಕೆಯ ಗಂಡನಿಗೆ ಹಣೆಯ ಮೇಲಿರುವ ಸ್ವಂತ ಕನ್ನಡಕವೇ ಸಿಗುವುದಿಲ್ಲ. ಆದರೆ ಕೊನೆಯ ಹುಕ್ಕು ಇನ್ನೂ ಅವರ ಕೈಯಲ್ಲಿರುತ್ತಿತ್ತು, ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ನನಗೆ ರೋಗವೇ ಹೋಗಬೇಕೆಂಬ ದುರಾಸೆ ಇರಲಿಲ್ಲ. ನನ್ನ ಹುಕ್ಕು ನಾನು ಹಾಕಿಕೊಂಡರೆ ಸಾಕಾಗಿತ್ತು.

ಈ ಆಸೆಗೆ ಬಿದ್ದೇ ನಾನು ಬಿಸಿಮಂಚಕ್ಕೆ ಹೋದದ್ದು. ನಮ್ಮೂರಲ್ಲಿ ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಆಗ ಒಂದು ಮಸಾಜ್ ಶಿಬಿರ ನಡೆಯುತ್ತಿತ್ತು. ಸಾಲಾಗಿ ಹತ್ತು ಮಂಚ, ಅವುಗಳ ಹೊಟ್ಟೆಯೊಳಗೆ ಬಿಸಿಯಾದ ಉರುಳೆಗಳು. ಮಲಗಿದರೆ ಬೆನ್ನ ಕೆಳಗೆ ಯಾರೋ ಲಟ್ಟಣಿಗೆಯಿಂದ ಹೋಳಿಗೆ ಲಟ್ಟಿಸಿದ ಹಾಗೆ ಆಗುತ್ತದೆ. ಸುಳ್ಳು ಯಾಕೆ ಹೇಳಲಿ, ಹಿತವಾಗಿಯೇ ಇತ್ತು. ಹಿತವಲ್ಲದ್ದು ಆಮೇಲಿನ ಭಜನೆ. ಮಲಗಿ ಎದ್ದವರು ಮೈಕ್ ಹಿಡಿದು ತಮಗೇನು ಗುಣವಾಯಿತೆಂದು ಹೇಳಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಒಬ್ಬರ ಸಕ್ಕರೆ ಕಾಯಿಲೆ ಹೋಯಿತು. ಒಬ್ಬರ ಬಿಪಿ ಹೋಯಿತು. ಒಬ್ಬ ಯಜಮಾನರಿಗೆ ಬೋಳುತಲೆಯಲ್ಲಿ ಕೂದಲು ಚಿಗುರುತ್ತಿದೆಯಂತೆ. ನಾನು ಹಿಂದಿನ ಸಾಲಿನಿಂದ ಬಗ್ಗಿ ಬಗ್ಗಿ ನೋಡಿದೆ, ನನಗಂತೂ ಕಾಣಲಿಲ್ಲ. ಟೈ ಕಟ್ಟಿಕೊಂಡಿದ್ದ ಶಿಬಿರದವನು, "ಮಾತ್ರೆ ಅಂದ್ರೆ ವಿಷ ಕಣ್ರೀ ಮೇಡಂ, ಇವತ್ತೇ ಬಿಟ್ಬಿಡ್ರಿ," ಎಂದ.

ಮೂವತ್ತು ವರ್ಷದಿಂದ ಮಕ್ಕಳಿಗೆ ಯೋಚನೆ ಮಾಡಿ ಉತ್ತರ ಬರೆಯಿರಿ ಎಂದು ಬಡಿದುಕೊಂಡವಳು ನಾನು. ಮಾತ್ರೆ ಬಿಟ್ಟುಬಿಟ್ಟೆ! ಹನ್ನೆರಡನೇ ದಿನ ಮಣಿಕಟ್ಟು ಕೆಂಪಗೆ ಊದಿಕೊಂಡು, ಚಮಚ ಹಿಡಿಯಲಾಗದೆ ತಟ್ಟೆಗೆ ಬಾಯಿ ಹಾಕಿ ಉಪ್ಪಿಟ್ಟು ತಿಂದೆ. ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಆ ಟೈ ಕಟ್ಟಿದವನ ಮೇಲೂ ಬರಲಿಲ್ಲ.

ನನಗೆ ಮಾತ್ರೆ ಬರೆದುಕೊಟ್ಟಿದ್ದ ಶಿವಮೊಗ್ಗದ ಡಾಕ್ಟರು ಬೈದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಆದರೂ ಹೆಡ್ಮಾಸ್ತರರ ಹಾಗೆ ಬೈದರು. "ಮಸಾಜ್ ಬೇಡ ಅಂತ ನಾನು ಹೇಳಲ್ಲ. ಮಾಡಿಸ್ಕೊಳ್ಳಿ. ಬಿಗಿದ ಸ್ನಾಯು ಸಡಿಲ ಆಗುತ್ತೆ, ನೋವು ಇಳಿಯುತ್ತೆ, ನಿದ್ದೆ ಬರುತ್ತೆ. ಆದ್ರೆ ರೋಗ ಹೋಗಲ್ಲ. ಮಾತ್ರೆ ಬಿಡಬಾರದು. ಕೀಲು ಕೆಂಪಗೆ ಬಿಸಿಯಾಗಿರೋ ದಿನ ಯಾರಿಗೂ ಮುಟ್ಟೋಕೆ ಕೊಡಬಾರದು. ಅರ್ಥ ಆಯ್ತಾ?" ಆಯ್ತು ಸಾರ್ ಎಂದು ತಲೆ ತಗ್ಗಿಸಿ ಬಂದೆ.

ಅದೇ ಬೇಸಿಗೆ ರಜೆಯಲ್ಲಿ ಸೊರಬ ತಾಲ್ಲೂಕಿನ ಜಡೆಯಲ್ಲಿರುವ ಅಕ್ಕನ ಮನೆಗೆ ಹೋದೆ. ಅಕ್ಕನ ಮಗಳು ಹೆತ್ತು ಹದಿನೈದು ದಿನವಾಗಿತ್ತು. ಅವಳಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರು ಹಾಕಲು ದಿನಾ ಬೆಳಗ್ಗೆ ಒಬ್ಬ ಅಜ್ಜಿ ಬರುತ್ತಿದ್ದಳು. ಊರಿನ ಅರ್ಧ ಜನ ಅವಳ ಕಾಲ ಮೇಲೆ ಮಲಗಿ ಚೀರಿದವರೇ. ಅಜ್ಜಿ ಬಾಣಂತಿಯ ಸೊಂಟ ನೀವುವುದನ್ನು ನೋಡುತ್ತಾ ನಿಂತಿದ್ದ ನಾನು ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ, ನನ್ನ ಕೈಗೂ ಒಂಚೂರು ಹಚ್ಚುತ್ತೀಯಾ ಎಂದು.

"ಇಲ್ಲೆ ಮಾರಾಯ್ತಿ. ಬಾಣಂತಿಗೆ, ಕೂಸಿಗೆ ಬಿಟ್ರೆ ಬ್ಯಾರೆಯವ್ರಿಗೆ ನಾ ಎಣ್ಣೆ ಹಚ್ಚದಿಲ್ಲ. ನಮ್ಮವ್ವನ ಕಾಲದಿಂದ ಹಂಗೇ ನಡ್ಕೊಂಡು ಬಂದದೆ," ಎಂದಳು. ಆಮೇಲೆ ನನ್ನ ಕೈ ಎಳೆದು ಗಂಟು ಗಂಟು ಮುಟ್ಟಿ ನೋಡಿದಳು. ಕೈ ಬಿಟ್ಟು ತೀರ್ಪು ಕೊಟ್ಟಳು. "ಹಂಗಾದ್ರೆ ನೀನೂ ಬಾಣಂತಿ ಅಂತ ಮಾಡಾಣ. ಆದ್ರೆ ಪಥ್ಯ ಪೂರ್ತಿ ಮಾಡ್ಬೇಕು. ಅರ್ಧಂಬರ್ಧ ಆಗದಿಲ್ಲ."

ತಮಾಷೆ ಅಂದುಕೊಂಡೆ. ಮರುದಿನ ಬೆಳಗ್ಗೆ ನನ್ನ ಕಿವಿಗೆ ಹತ್ತಿ ತುರುಕಿ, ತಲೆಗೆ ಪಂಚೆಯ ತುಂಡು ಬಿಗಿದಾಗ ತಮಾಷೆಯಲ್ಲ ಎಂದು ಗೊತ್ತಾಯಿತು. ತಣ್ಣೀರು ಮುಟ್ಟುವಂತಿಲ್ಲ. ಫ್ಯಾನು ಹಾಕುವಂತಿಲ್ಲ. ಊಟಕ್ಕೆ ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ. ಕಣ್ಣು ಹೋಗುತ್ತದೆಂದು ಪುಸ್ತಕ ಓದುವಂತಿಲ್ಲ, ಮೊಬೈಲ್ ನೋಡುವಂತಿಲ್ಲ. ಮೇ ತಿಂಗಳ ಧಗೆಯಲ್ಲಿ ಸಾಂಬ್ರಾಣಿ ಹೊಗೆ ಕುಡಿಯುತ್ತಾ, ಮದುವೆಯೇ ಆಗದ ಐವತ್ಮೂರು ವರ್ಷದ ಹೆಂಗಸು, ಹೆತ್ತವಳ ಪಕ್ಕದಲ್ಲಿ ಇನ್ನೊಂದು ಮಂಚದ ಮೇಲೆ ಕೂತಿದ್ದೆ. ಇವುಗಳಲ್ಲಿ ಯಾವುದೂ ಸಂಧಿವಾತಕ್ಕೆ ಬೇಕಾಗಿರಲಿಲ್ಲ ಎಂದು ಈಗಲೂ ಬರೆದು ಕೊಡುತ್ತೇನೆ. ಆದರೆ ಅಜ್ಜಿಯ ಕೈ ಬೇಕಿದ್ದರೆ ಅಜ್ಜಿಯ ಕಾನೂನೂ ಬೇಕು. ಡಾಕ್ಟರ ಮಾತ್ರೆಯನ್ನು ಮಾತ್ರ ಮೆಣಸಿನ ಸಾರಿನ ಜೊತೆಗೇ ತಪ್ಪದೆ ನುಂಗಿದೆ.

ಕೂಸು ನೋಡಲು ಬಂದವರಿಗೆ ಮಂಚಕ್ಕೊಬ್ಬ ಬಾಣಂತಿಯನ್ನು ನೋಡಿ ಗೊಂದಲ. ಕಣ್ಣು ಮಂಜಾದ ಒಬ್ಬಾಕೆ ನನ್ನ ಮಡಿಲಿಗೂ ಅಂಟಿನುಂಡೆ ಹಾಕಿ, "ನಿಂದು ಎಂತದೇ, ಗಂಡೋ ಹೆಣ್ಣೋ?" ಎಂದು ವಿಚಾರಿಸಿದರು.

"ಕೈ, ದೊಡ್ಡಮ್ಮ. ಬಲಗೈ," ಎಂದೆ.

"ಹೌದನಾ? ಹುಷಾರಾಗಿ ನೋಡ್ಕ," ಎಂದು ಹರಸಿ ಹೋದರು.

ಇಷ್ಟೆಲ್ಲ ನಗುತ್ತೇನಲ್ಲ, ಮೊದಲ ದಿನ ಎಣ್ಣೆ ಹಚ್ಚಿಸಿಕೊಂಡಾಗ ನಾನು ನಗಲಿಲ್ಲ. ಅಜ್ಜಿ ಬೆರಳಿನಿಂದ ಶುರುಮಾಡಲಿಲ್ಲ. ಬೆಚ್ಚಗಿನ ಎಣ್ಣೆಯನ್ನು ಕುತ್ತಿಗೆಗೆ, ಹೆಗಲಿಗೆ ಹಾಕಿ ನಿಧಾನವಾಗಿ ನೀವಿದಳು. "ಬೆರಳು ಕಡೀಗೆ. ಮೊದ್ಲು ಹೆಗಲು ಬಿಡ್ಬೇಕು. ಕಲ್ಲು ಹೊತ್ತವರಂಗೆ ಹಿಡ್ಕಂಡೀಯಲೆ." ಆಮೇಲೆ ಮೊಳಕೈ, ಆಮೇಲೆ ಅಂಗೈ, ಕೊನೆಗೆ ಒಂದೊಂದೇ ಗೆಣ್ಣಿನ ಸುತ್ತ ಹೆಬ್ಬೆರಳು ಆಡಿಸಿದಳು. ನನಗೆ ಅಳು ಬಂತು. ನೋವಿಗಲ್ಲ. ಡಾಕ್ಟರು ಗಂಟು ಒತ್ತಿ ನೋಡುವುದು, ಪಕ್ಕದ ಮನೆಯಾಕೆ ಹುಕ್ಕು ಹಾಕುವುದು ಬಿಟ್ಟರೆ ನನ್ನನ್ನು ಯಾರೂ ಮುಟ್ಟಿ ಎಷ್ಟೋ ವರ್ಷವಾಗಿತ್ತು.

"ಅಳು ಅಳು. ಬಾಣಂತೇರು ಅಳ್ತಾರೆ," ಎಂದಳು ಅಜ್ಜಿ, ತಲೆಯೆತ್ತದೆ. "ಆದ್ರೆ ಮುಷ್ಟಿ ಬಿಗಿ ಮಾಡ್ಬ್ಯಾಡ."

ಮೂರನೇ ದಿನ ರಾತ್ರಿಯಿಡೀ ನಿದ್ದೆ ಮಾಡಿದೆ. ಪಕ್ಕದಲ್ಲಿ ಕೂಸು ಊರು ಒಟ್ಟುಮಾಡುವಂತೆ ಅತ್ತಿತಂತೆ, ನನಗೆ ಗೊತ್ತೇ ಆಗಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಬೆಳಗಿನ ಬಿಗಿತ ಎಂಟು ಗಂಟೆಗೇ ಸಡಿಲವಾಗತೊಡಗಿತು. ಆಸೆ ಹೆಚ್ಚಾಯಿತು. ಒಂದು ದಿನ ಮಣಿಕಟ್ಟು ಊದಿ ಬಿಸಿಯಾಗಿದ್ದಾಗಲೂ, ಡಾಕ್ಟರ ಮಾತು ಮರೆತವಳಂತೆ, ಇವತ್ತು ಜೋರಾಗಿ ಉಜ್ಜಿಬಿಡು ಎಂದೆ. ಅಜ್ಜಿ ಕೈ ಹಿಂದಕ್ಕೆ ತೆಗೆದುಕೊಂಡಳು. "ಉರಿಯ ಗಂಟಿಗೆ ಕೈ ಹಾಕದಿಲ್ಲ. ಎಂತ ಟೀಚರಮ್ಮನೇ ನೀನು? ನಿಂಗೆ ಪಾಠ ಮಾಡದೊಂದೇ ಗೊತ್ತಾ, ಕೇಳದು ಗೊತ್ತಿಲ್ಲನಾ?" ಶಿವಮೊಗ್ಗದ ಡಾಕ್ಟರೂ ಜಡೆಯ ಅಜ್ಜಿಯೂ ಮಾತಾಡಿಕೊಂಡು ನನ್ನನ್ನು ಬೈಯುತ್ತಿದ್ದಾರೆಯೇ ಎಂದು ಅನುಮಾನ ಬಂತು.

ಈ ನಡುವೆ ಪಕ್ಕದ ಮನೆಯಾಕೆ ದಿನಾ ಫೋನ್ ಮಾಡುತ್ತಿದ್ದರು. ಬಾಣಂತಿ ಮೊಬೈಲ್ ಮುಟ್ಟುವಂತಿಲ್ಲವಲ್ಲ, ಅಕ್ಕನೇ ಎತ್ತುತ್ತಿದ್ದಳು. ಪ್ರಶ್ನೆ ಯಾವಾಗಲೂ ಒಂದೇ. "ಅಲ್ಲಿ ಹುಕ್ಕು ಯಾರು ಹಾಕ್ತಾರ್ರಿ?"

ಶಾಲೆ ಶುರುವಾಗುವ ಹಿಂದಿನ ದಿನ ಅಜ್ಜಿಗೆ ಬಾಣಂತಿಯರು ಕೊಡುವ ಹಾಗೆಯೇ ಸೀರೆ, ರವಿಕೆ ಕಣ ಕೊಟ್ಟು, ನಾನೇ ಕೈಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಕಲಿತು ಶಿಕಾರಿಪುರಕ್ಕೆ ಬಂದೆ. ರೋಗ ಎಲ್ಲಿಗೂ ಹೋಗಿಲ್ಲ, ನನ್ನ ಜೊತೆಗೇ ಬಸ್ಸಿನಲ್ಲಿ ವಾಪಸು ಬಂತು. ಮೈಕ್ ಹಿಡಿದು ಹೇಳುವಂಥದ್ದು ನನ್ನಲ್ಲಿ ಏನೂ ಇಲ್ಲ.

ಮರುದಿನ ಐದೂವರೆಗೆ ಎದ್ದೆ. ಎಣ್ಣೆ ಬೆಚ್ಚಗೆ ಮಾಡಿ ಹೆಗಲು, ಮೊಳಕೈ, ಬೆರಳು, ಅಜ್ಜಿ ಹೇಳಿದ ಕ್ರಮದಲ್ಲೇ ನೀವಿಕೊಂಡೆ. ಬಿಸಿನೀರು ಹಾಕಿಕೊಂಡೆ. ಎಂಟು ಗಂಟೆಗೆ ಕನ್ನಡಿಯ ಮುಂದೆ ನಿಂತು ರವಿಕೆಯ ಎರಡು ಅಂಚು ಹಿಡಿದುಕೊಂಡೆ. ಒಂದೊಂದು ಹುಕ್ಕಿಗೂ ಒಂದೊಂದು ಬೈಗುಳ ಬೇಕಾಯಿತು, ಮೂರನೆಯದಕ್ಕೆ ಎರಡು. ಬೆವರು ಕಿತ್ತುಕೊಂಡು ಬಂತು. ಆದರೆ ಕೂತವು ಎಂದುಕೊಂಡೆ.

ಎಂಟೂವರೆ ದಾಟಿದರೂ ನಾನು ಹೋಗದಿದ್ದಾಗ ಆಕೆಯೇ ಕೈ ಒರೆಸಿಕೊಳ್ಳುತ್ತಾ ನಮ್ಮ ಮನೆಗೆ ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮುಖ ಅರಳಿತು.

"ಅಯ್ಯ! ಮೊದಲ್ನೇ ಹುಕ್ಕು ಎರಡ್ನೇ ಕುಣಿಕೀಗೆ ಹೋಗೈತಲ್ರೀ. ಎಲ್ಲಾ ಒಂದೊಂದು ಮನಿ ಕೆಳಗೆ ಇಳದಾವು. ಕೊನೀದಕ್ಕೆ ಜಾಗನೇ ಇಲ್ಲ. ತಡೀರಿ, ಬಿಚ್ಚಿ ಸರಿಯಾಗಿ ಹಾಕಿಕೊಡ್ತೀನಿ," ಎನ್ನುತ್ತಾ ಕೈ ಚಾಚಿದರು.

ನೋಡಿದೆ. ನಿಜ. ನಾಲ್ಕು ಹುಕ್ಕು ತಪ್ಪು ಕುಣಿಕೆಯಲ್ಲಿ ಕೂತಿದ್ದವು, ಮದುವೆಯ ಉಪದೇಶದ ಐದನೇ ಹುಕ್ಕು ಹಿಡಿಯಲು ಏನೂ ಸಿಗದೆ ನೇತಾಡುತ್ತಿತ್ತು. ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ.

"ಮುಟ್ಟಬೇಡಿ," ಎಂದೆ. "ಅದು ನಾನು ಹಾಕಿದ್ದು."

ಅವತ್ತು ಇಡೀ ದಿನ ನನ್ನ ರವಿಕೆ ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು. ಹಾಗೆಯೇ ಪಾಠ ಮಾಡಿದೆ.