ನಾಲ್ಕು ನಿಮಿಷದ ಕಚೇರಿ

ಗುರುವಾರ, ಬೆಳಗಿನ ಆರೂವರೆ. ನದಿಯ ಮೇಲೆ ಮಂಜು ಇನ್ನೂ ಕೂತೇ ಇದೆ. ಔಡೆವೇರ್ ಹಳ್ಳಿಯ ಲಾಂಚು ದಂಡೆ ಬಿಡುವ ಮೊದಲೇ ಹಳದಿ ಮಳೆಕೋಟಿನ ಹೆಂಗಸೊಬ್ಬರು ಸೈಕಲ್ಲುಗಳ ನಡುವೆ ಜಾಗ ಮಾಡಿಕೊಂಡು ಕಂಬಿಗೆ ಒರಗಿ ನಿಂತಿದ್ದಾರೆ. ಎದುರಿಗೆ ಹೈನುಗಾರನೊಬ್ಬ ತನ್ನ ಗದ್ದೆಯ ಕಾಲುವೆಯಲ್ಲಿ ಹೂಳು ತುಂಬಿದ್ದನ್ನು ಹೇಳುತ್ತಿದ್ದಾನೆ. ಅವರು ಪುಟ್ಟ ಪುಸ್ತಕದಲ್ಲಿ ಗೀಚಿಕೊಳ್ಳುತ್ತಾರೆ. ಆಚೆ ದಂಡೆ ಬಂದೇಬಿಡುತ್ತದೆ, ಆತನ ಮಾತು ಮುಗಿದಿಲ್ಲ.

"ಹಾಗಾದ್ರೆ ಇನ್ನೊಂದು ಸಲ ದಾಟು," ಎನ್ನುತ್ತಾರೆ ಅವರು. "ನನಗೇನು, ಎಂಟರವರೆಗೆ ಇಲ್ಲೇ ಇರ್ತೀನಿ."

ಇವರು ಹಿಲ್ಲಿ ಕೋರೆವಾರ್. ವಯಸ್ಸು ಅರವತ್ತೊಂದು. ಹನ್ನೊಂದು ಹಳ್ಳಿ ಸೇರಿಸಿ ಮಾಡಿದ ದೊಡ್ಡ ಪುರಸಭೆಯ ಇಪ್ಪತ್ತೈದು ಸದಸ್ಯರಲ್ಲಿ ಒಬ್ಬರು. ವಾರಕ್ಕೆ ನಾಲ್ಕು ಬೆಳಿಗ್ಗೆ ಅವರ ಕಚೇರಿ ಈ ಲಾಂಚೇ. ಒಂದು ದಾಟುವಿಕೆಗೆ ನಾಲ್ಕು ನಿಮಿಷ. ಶಾಲೆಗೆ ಹೋಗುವ ಐವತ್ತೆಂಟು ಮಕ್ಕಳು, ಆಚೆಯ ಆಸ್ಪತ್ರೆಯ ದಾದಿಯರು, ಹಿಟ್ಟಿನ ಗಿರಣಿಯವರು, ಎಲ್ಲರೂ ಇದರಲ್ಲೇ. ಇದು ನಿಂತರೆ ಸೇತುವೆ ಬಳಸಿ ಹದಿನಾಲ್ಕು ಕಿಲೋಮೀಟರು.

ನಿಲ್ಲಿಸುವ ಪ್ರಸ್ತಾಪ ಇದೇ ಸಂಜೆ ಸಭೆಗೆ ಬರಲಿದೆ. ತಂದಿರುವುದು ಹಿಲ್ಲಿಯ ಪಕ್ಷವೇ.

"ಏನು ಮಾಡ್ತೀಯ ಇವತ್ತು?" ಚುಕ್ಕಾಣಿಯಿಂದಲೇ ಕೇಳುತ್ತಾನೆ ತ್ಯೂನಿಸ್. ಮೂವತ್ತು ವರ್ಷದಿಂದ ಈ ಲಾಂಚು ನಡೆಸುವವನು. "ಹೇಗ್ ಸಂಸತ್ತಿನಲ್ಲಿ ಮಾಡಿದ ಹಾಗೆ ಸುಮ್ನೆ ಕೂತ್ಕೋತೀಯಾ?"

ಸೈಕಲ್ಲು ಹಿಡಿದು ನಿಂತವರು ನಗುತ್ತಾರೆ. ಹಿಲ್ಲಿಯೂ ನಗುತ್ತಾರೆ, ಆದರೆ ಕೈಗಳನ್ನು ಕೋಟಿನ ಜೇಬಿಗೆ ಇಳಿಸುತ್ತಾರೆ. ಈ ಮಾತು ಅವರನ್ನು ಹನ್ನೆರಡು ವರ್ಷದಿಂದ ಹಿಂಬಾಲಿಸುತ್ತಿದೆ.

ಹಿಲ್ಲಿ ಚೀಸು ಮಾಡುವವರ ಮನೆ ಸೊಸೆ. ಮೂವತ್ತನಾಲ್ಕರಲ್ಲಿ, ಎರಡು ಮಕ್ಕಳ ತಾಯಿಯಾಗಿದ್ದಾಗ, ನದಿಯ ಏರಿ ಮೇಲಿನ ರಸ್ತೆಗೆ ಸೈಕಲ್ ದಾರಿ ಬೇಕೆಂದು ಕೇಳಲು ಹಳ್ಳಿಯ ಪುರಸಭೆಗೆ ಹೋದರು. "ಕೇಳೋಕೆ ಹೋದವಳು ಅಲ್ಲೇ ಕೂತೆ," ಎನ್ನುತ್ತಾರೆ. ಎಂಟು ವರ್ಷ ಸದಸ್ಯೆ, ಆಮೇಲೆ ನಾಲ್ಕು ವರ್ಷ ರಸ್ತೆ ಮತ್ತು ಶಾಲೆಗಳ ಹೊಣೆ. ಮುಂದೆ ಸಂಸತ್ ಚುನಾವಣೆಗೆ ಪಕ್ಷದ ಅಭ್ಯರ್ಥಿಗಳ ಪಟ್ಟಿಯಲ್ಲಿ ಮೂವತ್ತೊಂದನೆಯ ಹೆಸರು. ಗೆದ್ದದ್ದು ಮೂವತ್ತು ಮಂದಿ. ಅವರಲ್ಲೊಬ್ಬ ಮಂತ್ರಿಯಾಗಿ ಸಂಸತ್ತಿನ ಕುರ್ಚಿ ಬಿಟ್ಟ, ಆ ಕುರ್ಚಿ ಪಟ್ಟಿಯಲ್ಲಿ ಮುಂದಿನವರಾದ ಹಿಲ್ಲಿಗೆ ಸಂದು, ಸಂಸತ್ತಿರುವ ಹೇಗ್ ನಗರದಿಂದ ಕರೆ ಬಂತು. ಆಗ ಅವರು ಚೀಸಿಗೆಂದು ಒಡೆಸಿದ ಹಾಲಿನ ಗಡ್ಡೆಯಲ್ಲಿ ಮೊಣಕೈವರೆಗೆ ಕೈಯಿಟ್ಟಿದ್ದರು. ಫೋನನ್ನು ಇವರ ಕಿವಿಗೆ ಹಿಡಿದದ್ದು ಅತ್ತೆ.

ಮೂರು ವರ್ಷ ಹೇಗ್‌ನಲ್ಲಿ ಬಾಡಿಗೆ ಕೋಣೆ. ಸಂಜೆ ನಿಂತುಕೊಂಡೇ ಕಡಲೆಬೀಜದ ಬೆಣ್ಣೆ ಸವರಿದ ಬ್ರೆಡ್ಡು ತಿನ್ನುತ್ತ ಮಗಳ ಲೆಕ್ಕದ ಪಾಠವನ್ನು ಫೋನಿನಲ್ಲಿ ಕೇಳುವುದು. ಸದನದಲ್ಲಿ ಮಾತಾಡಿದ್ದೆಲ್ಲ ಹಂದಿಸಾಕಣೆ ಮತ್ತು ಹಳ್ಳಿ ಬಸ್ಸುಗಳ ಬಗ್ಗೆ. ಯಾವ ಪತ್ರಿಕೆಯೂ ಫೋಟೋ ಹಾಕಲಿಲ್ಲ.

ಆ ಸದನದ ರೂಢಿ ಹೀಗೆ: ಮತದ ಹೊತ್ತಿಗೆ ಪಕ್ಷದ ನಾಯಕ ಒಂದು ಕೈ ಎತ್ತುತ್ತಾನೆ, ಅದು ಇಡೀ ಗುಂಪಿನ ಮತ. ಒಪ್ಪದವರು ಅಲ್ಲೇ ಎದ್ದು ಹಾಗೆಂದು ಹೇಳಬೇಕು. ಹೇಳದಿದ್ದರೆ ಒಪ್ಪಿದಂತೆ. ಹಳ್ಳಿಗಳ ಪುರಸಭೆಗಳನ್ನು ಸೇರಿಸುವ ಮಸೂದೆ ಬಂದ ದಿನ ಪಟ್ಟಿಯಲ್ಲಿ ಔಡೆವೇರ್ ಕೂಡ ಇತ್ತು. ಏಳಬೇಕೆಂದು ಹಿಲ್ಲಿ ಮೇಜಿನ ಅಂಚು ಹಿಡಿದಿದ್ದರು.

"ಒಳಗೇ ಮಾತು ಜೋಡಿಸ್ತಾ ಇದ್ದೆ," ಎನ್ನುತ್ತಾರೆ. "ಚೆನ್ನಾಗಿ ಹೇಳಬೇಕು ಅಂತ. ಅಷ್ಟರಲ್ಲಿ ಮತ ಮುಗೀತು ಅಂತ ಸಭಾಪತಿಯ ಸುತ್ತಿಗೆ ಬಿತ್ತು. ಮುಂದಿನ ಮಸೂದೆ ಮೀನಿನ ಬಗ್ಗೆ ಇತ್ತು. ನನ್ನ ಊರು ಹೋಗಿದ್ದು ಯಾರಿಗೂ ಗೊತ್ತಾಗಲಿಲ್ಲ. ನನ್ನ ಪಕ್ಕದವನು ಪೆಪ್ಪರಮೆಂಟು ಕೊಟ್ಟ. ತಿಂದೆ."

ಹಳ್ಳಿಯ ಪುರಸಭಾ ಕಟ್ಟಡ ಈಗ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಮುಂದಿನ ಚುನಾವಣೆಯಲ್ಲಿ ಹಿಲ್ಲಿ ಸೋತು ಊರಿಗೆ ಬಂದಾಗ ಬೇಕರಿಯಲ್ಲಿ ಯಾರೂ ಬೈಯಲಿಲ್ಲ, ಬರೀ ಮಾತು ನಿಲ್ಲಿಸಿದರು. ಹೊಸ ಪುರಸಭೆಗೆ ನಿಂತು ಗೆದ್ದ ಮೊದಲ ವಾರವೇ ಅವರು ಲಾಂಚಿನಲ್ಲಿ ನಿಲ್ಲತೊಡಗಿದರು. ಜನ ಅವರ ಬಳಿ ಬರುವವರೆಗೆ ಐದು ತಿಂಗಳು ಮಂಜಿನೊಂದಿಗೇ ಮಾತಾಡಿದರಂತೆ.

ಸಂಜೆ ಏಳೂವರೆ. ಸಭೆಗೆ ಮೊದಲು ಕಾಫಿ, ಪ್ರತಿಯೊಬ್ಬರಿಗೂ ಒಂದೇ ಬಿಸ್ಕತ್ತು. ಪಕ್ಷದ ಗುಂಪಿನ ನಾಯಕಿ ಮಾರ್ಲೂಸ್ ಪಕ್ಕಕ್ಕೆ ಬರುತ್ತಾರೆ. ಹಿಲ್ಲಿಗಿಂತ ಇಪ್ಪತ್ತು ವರ್ಷ ಚಿಕ್ಕವರು.

"ಹಿಲ್ಲಿ, ನಿನ್ನ ಸಂಕಟ ನಂಗೆ ಅರ್ಥ ಆಗುತ್ತೆ. ಆದ್ರೆ ಗುಂಪು ಒಟ್ಟಿಗಿರ್ಬೇಕು. ಮಾರ್ಚಿನ ಚುನಾವಣೆಗೆ ಪಟ್ಟಿ ಮಾಡೋರು ಇದನ್ನ ನೋಡ್ತಾರೆ."

"ನೋಡಲಿ."

"ಹೆಸರೇ ಇರಲ್ಲ ಆಮೇಲೆ."

"ಗೊತ್ತು ಕಣೇ. ಕಾಫಿ ಕುಡಿ, ಆರಿಹೋಗುತ್ತೆ."

ಯಾರೋ ಹೆಸರು ಹಿಡಿದು ಮತ ಕೇಳಬೇಕೆಂದು ಸೂಚಿಸುತ್ತಾರೆ. ಕಾರ್ಯದರ್ಶಿ ಡಬ್ಬಿಯಿಂದ ಒಂದು ಸಂಖ್ಯೆ ಎತ್ತುತ್ತಾನೆ, ಯಾರಿಂದ ಶುರು ಎಂದು. ಹಿಲ್ಲಿಯ ಸರದಿ ನಾಲ್ಕನೆಯದು. ಮೊದಲ ಮೂವರೂ ಲಾಂಚು ನಿಲ್ಲಿಸುವ ಪರ.

"ಶ್ರೀಮತಿ ಕೋರೆ—"

ಅವರು ಮಾತು ಜೋಡಿಸುವುದಿಲ್ಲ. "ವಿರುದ್ಧ," ಎನ್ನುತ್ತಾರೆ, ಸ್ವಲ್ಪ ಬೇಗನೆ, ಕಾರ್ಯದರ್ಶಿ ಹೆಸರು ಹೇಳಿ ಮುಗಿಸುವ ಮೊದಲೇ. ಗುಂಪಿನ ಸಾಲಿನಲ್ಲಿ ಕುರ್ಚಿಯೊಂದು ಕಿರುಗುಡುತ್ತದೆ. ಉಳಿದ ಇಪ್ಪತ್ತೊಂದು ಹೆಸರು ಮುಗಿಯುವವರೆಗೆ ಅವರು ಎದುರಿನ ಗೋಡೆಯ ನಕ್ಷೆಯಲ್ಲಿ ನದಿಯನ್ನು ನೋಡುತ್ತಿದ್ದಾರೆ. ಪರ ಹನ್ನೆರಡು. ವಿರುದ್ಧ ಹದಿಮೂರು.

ಶುಕ್ರವಾರ, ಬೆಳಗಿನ ಆರೂವರೆ. ಹಳದಿ ಮಳೆಕೋಟು ಕಂಬಿಯ ಬಳಿ ಇದೆ. ಹೈನುಗಾರ ಮತ್ತೆ ಕಾಲುವೆಯ ಕಥೆ ತೆಗೆದಿದ್ದಾನೆ. ದಂಡೆ ಬಿಡುವ ಮೊದಲು ತ್ಯೂನಿಸ್ ಚರ್ಮದ ಚೀಲ ನೇತುಹಾಕಿಕೊಂಡು ಬರುತ್ತಾನೆ.

"ಹಿಲ್ಲಿ, ಟಿಕೆಟ್."

"ಉಳಿಸಿದವಳಿಗೂ ಟಿಕೆಟ್ಟಾ?"

"ಉಳೀತಲ್ಲ, ಅದಕ್ಕೇ ಟಿಕೆಟ್ಟು."

ಹಿಲ್ಲಿ ನಾಣ್ಯ ಕೊಡುತ್ತಾರೆ. ಬೆಳಗಾಗುವ ಮೊದಲೇ ಬಂದ ಫೋನಿನಲ್ಲಿ ಸುದ್ದಿ ಸಿಕ್ಕಿದೆ: ಮಾರ್ಚಿನ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಮಾರ್ಚಿನ ನಂತರ ಏನು ಮಾಡುತ್ತೀರಿ ಎಂದರೆ, ಚೀಸು ಮಾಡುವುದನ್ನು ಕೈಗಳು ಮರೆತಿವೆಯೋ ಇಲ್ಲವೋ ನೋಡಬೇಕು ಎನ್ನುತ್ತಾರೆ. ಬೆಳಿಗ್ಗೆ ಮಾತ್ರ ಇಲ್ಲಿಗೇ ಬರುವುದಂತೆ. ಆಚೆ ದಂಡೆಯ ದೀಪಗಳು ಹತ್ತಿರವಾಗುತ್ತಿವೆ.

"ಹದಿನೈದು ವರ್ಷ ನನ್ನ ಮತ ಹಾಕಿದ್ದು ಹೆಚ್ಚಾಗಿ ಬೇರೆಯವರ ಕೈ," ಎನ್ನುತ್ತಾರೆ ಹಿಲ್ಲಿ. "ನಿನ್ನೆ ಹಾಕಿದ್ದು ನಂದು. ಅದೊಂದನ್ನ ಮೊಮ್ಮಕ್ಕಳಿಗೆ ಹೇಳ್ತೀನಿ."

ಲಾಂಚು ದಂಡೆಗೆ ತಾಗುತ್ತದೆ. ಹೈನುಗಾರನ ಮಾತು ಮುಗಿದಿಲ್ಲ. ಇಬ್ಬರೂ ಇಳಿಯುವುದಿಲ್ಲ.