ಗುಡ್ಡವ್ವ ಬಾಯಿಬಿಟ್ಟು ಅನ್ನದ ಇಂಗ್ಲಿಷ್

ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದೆ ನಾನು ಇಂಗ್ಲಿಷ್ ಟ್ಯೂಷನ್ ನಡೆಸುತ್ತೇನೆ. ಎಷ್ಟೋ ಮಂದಿಗೆ ಕಲಿಸಿದ್ದೇನೆ, ಆದರೆ ನಮ್ಮ ಓಣಿಯ ಗುಡ್ಡವ್ವನಷ್ಟು ನನ್ನ ತಲೆ ತಿಂದವರು ಬೇರೆ ಇಲ್ಲ. ಗಂಡ ತೀರಿಕೊಂಡಾಗ ಮಗ್ಗ ಮಾರಿಬಿಡು ಎಂದು ಬಂಧುಬಳಗವೆಲ್ಲ ಹೇಳಿತ್ತು. ಆಕೆ ಕಿವಿಗೆ ಹಾಕಿಕೊಳ್ಳದೆ ಒಬ್ಬಳೇ ಸೀರೆ ನೇಯುತ್ತ ಬಂದಳು. ಸೀರೆ ಕೊಳ್ಳುವ ಚೆನ್ನೈನ ಅಂಗಡಿಯಾಕೆಗೆ ಕನ್ನಡ ಬಾರದು. ನಡುವೆ ನಿಂತು ಮಾತಾಡುವ ದಲ್ಲಾಳಿ ಗ್ಯಾನಪ್ಪ ತನಗೆ ತೋಚಿದಂತೆ ಹೇಳುತ್ತಿದ್ದ. ಇನ್ನು ನಾನೇ ಮಾತಾಡುತ್ತೇನೆ ಎಂದು ಹಟ ಹಿಡಿದು ಗುಡ್ಡವ್ವ ನನ್ನ ಹತ್ತಿರ ಬಂದಳು.

ಬಂದವಳು ಗೆಟ್ ಎಂಬಲ್ಲೇ ಸಿಕ್ಕಿಬಿದ್ದಳು. ಗೆಟ್ ಅಪ್ ಎಂದರೆ ಏಳುವುದು, ಗೆಟ್ ಆನ್ ಎಂದರೆ ಬಸ್ ಹತ್ತುವುದು, ಗೆಟ್ ಓವರ್ ಎಂದರೆ ದುಃಖದಿಂದ ಚೇತರಿಸಿಕೊಳ್ಳುವುದು.

"ಒಂದ ನೂಲಿಗೆ ಇಷ್ಟ ಬಣ್ಣಾ ಹಾಕಿದ್ರ ನಾ ಹ್ಯಾಂಗ ಗುರ್ತ ಹಿಡೀಲಿ, ನಾಹೀದ?" ಎಂದಳು.

ಇನ್ನೊಂದು ಫಜೀತಿ ನನಗೇ ಅರ್ಥವಾಗಲಿಲ್ಲ. ರನ್ ಔಟ್ ಎಂದರೆ ಮುಗಿದುಹೋಗುವುದು, ಗಿವ್ ಅಪ್ ಎಂದರೆ ಕೈಬಿಡುವುದು. ಇಂಥವು ಬಂದರೆ ಆಕೆಯ ಬಾಯಿಗೆ ಬೀಗ. ಅರ್ಥ ಕೇಳಿದರೆ ಹೇಳುವಳು, ಇಂಗ್ಲಿಷಿನಲ್ಲಿ ಅನ್ನು ಎಂದರೆ ಅನ್ನಳು. ಮೈಗಳ್ಳತನವೆಂದು ನಾನು ಗದರಿದೆ.

ಒಂದು ಸಂಜೆ ಪಾಠ ಆಕೆಯ ಮನೆಯಲ್ಲೇ ನಡೆದಿತ್ತು. ಮಗ್ಗದ ಮುಂದೆ ದೀಪ ಹಚ್ಚಿದ್ದಳು. ಅಂಗಡಿಯಾಕೆಯ ಫೋನ್ ಬಂತು. ಕೆಂಪು ಅಂಚಿನ ಸೀರೆ ಏಕೆ ಬಂದಿಲ್ಲ, ಸರಿಯಾಗಿ ಹೇಳದಿದ್ದರೆ ಮತ್ತೆ ಗ್ಯಾನಪ್ಪನ ಜೊತೆಗೇ ಮಾತಾಡುತ್ತೇನೆ ಎಂದಳು. ಕೆಂಪು ನೂಲು ಮುಗಿದಿತ್ತು, ಅಷ್ಟೇ. ರನ್ ಔಟ್ ಎಂದಿದ್ದರೆ ಸಾಕಿತ್ತು. ಗುಡ್ಡವ್ವ ತುಟಿ ಬಿಚ್ಚಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ನಾನೇ ಹೇಳಹೋದರೆ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಆಮೇಲೆ ಫೋನ್ ಹಿಡಿದುಕೊಂಡು ಹೊಸ್ತಿಲು ದಾಟಿ, ಓಣಿಯ ತುದಿಯ ಗಟಾರದವರೆಗೆ ನಡೆದಳು. ನಾನು ತಲೆಬುಡ ತಿಳಿಯದೆ ಹಿಂದೆ ಓಡಿದೆ.

"ವಿ ರನ್ ಔಟ್ ಆಫ್ ರೆಡ್ ಥ್ರೆಡ್, ಮೇಡಂ. ಮಂಡೇ ಐ ಕಾಲ್ ಬ್ಯಾಕ್," ಎಂದಳು ಅಲ್ಲಿ ನಿಂತು.

ಕಾಯುತ್ತೇನೆ ಎಂದಳಂತೆ ಅಂಗಡಿಯಾಕೆ. ಗುಡ್ಡವ್ವ ಬಾಗಿಲಲ್ಲಿ ಕಾಲು ತೊಳೆದು ಒಳಗೆ ಬಂದಳು.

"ದೀಪಾ ಹಚ್ಚಿ, ಮಗ್ಗದ ಮುಂದ ಮುಗೀತು ಅನಬಾರದವ್ವ. ಯಾವ ಭಾಷಾದಾಗ ಅಂದ್ರೂ ಅದಕ್ಕ ತಿಳೀತೈತಿ."

ನನಗೆ ನಾಚಿಕೆಯಾಯಿತು. ನಮ್ಮಮ್ಮ ಶರೀಫಾಬಿಯೂ ಉಪ್ಪಿನ ಡಬ್ಬಿ ಬರಿದಾದರೆ ಮುಗಿಯಿತು ಎನ್ನದೆ ಬರಕತ್, ಅಂದರೆ ಸಮೃದ್ಧಿ, ಆಗಿದೆ ಎನ್ನುತ್ತಾಳೆ. ಅದೇ ಮನೆಯಲ್ಲಿ ಬೆಳೆದ ನನಗೆ ಇದೇಕೆ ಹೊಳೆಯಲಿಲ್ಲವೋ ಗೊತ್ತಿಲ್ಲ. ಆದರೂ ಮಾಸ್ತರಿಕೆಯ ಚಟ ಬಿಡಬೇಕಲ್ಲ. ಹಾಗಾದರೆ ಗಿವ್ ಅಪ್ ಎನ್ನುವುದನ್ನೂ ಗಟಾರದ ಹತ್ತಿರವೇ ನಿಂತು ರೂಢಿ ಮಾಡೋಣ ಎಂದೆ.

ಗುಡ್ಡವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯಲು ಕುಳಿತಳು.

"ಅದನ್ನ ಹೊರಗೂ ಅನ್ನಾಂಗಿಲ್ಲ," ಎಂದಳು.