ಎಡಗೈಯವರ ಸಿನಿಮಾ

ಮನೆಯಲ್ಲೇ ಕೂತು ಸಿನಿಮಾ ನೋಡುವುದು ಈಚೆಗೆ ಬಂದ ಸೌಕರ್ಯವೆಂದು ಯಾರಾದರೂ ಜಂಬ ಕೊಚ್ಚಿದರೆ ನನಗೆ ನಗು ಬರುತ್ತದೆ. ನಾವು ಐವತ್ತರ ದಶಕದಲ್ಲೇ, ಪಿರಿಯಾಪಟ್ಟಣದ ನಮ್ಮ ಹಿತ್ತಿಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಸಿನಿಮಾ ನೋಡಿದವರು. ಟೂರಿಂಗ್ ಟಾಕೀಸಿನವರ ಡೇರೆ ಏಳುತ್ತಿದ್ದದ್ದು ನಮ್ಮ ಬೇಲಿಯಾಚೆಯ ಬಯಲಿನಲ್ಲಿ. ಪರದೆಯ ಬೆನ್ನು ನಮ್ಮ ಕಡೆಗೆ. ಸೆಕೆಯೆಂದು ಡೇರೆಯ ಹಿಂದಿನ ಬಟ್ಟೆಯನ್ನು ಮೇಲೆತ್ತಿ ಕಟ್ಟಿದರೆ ಸಾಕು, ತೆಳು ಪರದೆಯಲ್ಲಿ ರಾಜ, ರಾಣಿ, ರಾಕ್ಷಸರೆಲ್ಲ ನಮಗೂ ಕಾಣುತ್ತಿದ್ದರು. ಮಾತು ಬರುವ ಡಬ್ಬವನ್ನು ಪರದೆಯ ಹಿಂದೆಯೇ ಇಡುತ್ತಿದ್ದರಿಂದ ಟಿಕೆಟ್ಟು ಕೊಂಡವರಿಗಿಂತ ನಮಗೇ ಚೆನ್ನಾಗಿ ಕೇಳಿಸುತ್ತಿತ್ತು. ಅಪ್ಪ ಪೇಟೆಬೀದಿಯಲ್ಲಿ ಜವಳಿ ಅಂಗಡಿ ಇಟ್ಟವರು. ಮನೆಯ ಹೆಣ್ಣುಮಕ್ಕಳು ಡೇರೆಯೊಳಗೆ ಹೋಗಿ ಕೂರುವುದು ಮರ್ಯಾದೆಯಲ್ಲವೆಂದು ಅವರ ಕಟ್ಟುನಿಟ್ಟು. ಹಿತ್ತಿಲಿನಲ್ಲಿ ಕೂತು ನೋಡಿದರೆ ಮರ್ಯಾದೆಗೆ ಏನೂ ಆಗುತ್ತಿರಲಿಲ್ಲ.

ಬಿಟ್ಟಿ ನೋಡುವವರ ಅಭಿಪ್ರಾಯ ಯಾವಾಗಲೂ ಖಾರವಾಗಿರುತ್ತದೆ. ನಮ್ಮ ಹಿತ್ತಿಲಿನ ಮುಖ್ಯ ವಿಮರ್ಶಕಿ ನನ್ನ ಅಜ್ಜಿ, ಅಪ್ಪನ ತಾಯಿ. ಆಕೆಗೆ ಓದು ಬರದು, ಆದರೆ ಸಿನಿಮಾದ ಮೊದಲಲ್ಲಿ ಬರುವ ಹೆಸರುಗಳ ಬಗ್ಗೆಯೂ ತೀರ್ಮಾನವಿತ್ತು. ಅಕ್ಷರಗಳು ಅತ್ತಿಂದಿತ್ತ ತಿರುಗಿಕೊಂಡಿದ್ದುದನ್ನು ಕಂಡು, "ಮಾತು ನಮ್ದು, ಬರವಣ್ಗೆ ಮಲಯಾಳದೋರ್ದು ಕಣೆ. ಆ ಕಡೆ ಅಗ್ಗಕ್ಕೆ ಬರ್ದುಕೊಡ್ತಾರೇನೋ" ಎಂದಿದ್ದಳು. ಕೊಡಗು ದಾಟಿದರೆ ಮಲಯಾಳ, ಅಲ್ಲಿಂದ ಮೆಣಸು ಬರುತ್ತದೆ, ಮಂತ್ರವಾದಿಗಳು ಬರುತ್ತಾರೆ, ಅಕ್ಷರವೇಕೆ ಬರಬಾರದು? ನಾವೆಲ್ಲ ಹೌದೆಂದು ತಲೆಯಾಡಿಸಿದ್ದೆವು.

ಅಜ್ಜಿಯ ದೊಡ್ಡ ತಕರಾರು ಬೇರೆಯೇ ಇತ್ತು. ನಮ್ಮ ಹಿತ್ತಿಲಿಗೆ ಕಾಣುವ ಸಿನಿಮಾದಲ್ಲಿ ಎಲ್ಲರೂ ಎಡಚರು. ರಾಜ ಕತ್ತಿ ಹಿಡಿಯುವುದು ಎಡಗೈಯಲ್ಲಿ, ಋಷಿ ಆಶೀರ್ವಾದ ಮಾಡುವುದು ಎಡಗೈಯಲ್ಲಿ, ಹೊಸ ಸೊಸೆ ಹೊಸಿಲು ದಾಟುವುದು ಎಡಗಾಲಿಟ್ಟು. "ಉಣ್ಣೋದೂ ಎಡಗೈಲೇಯ. ಇವ್ರಿಗೆಲ್ಲಾ ಅವ್ವ ಅನ್ನೋಳು ಇರ್ನಿಲ್ವಾ ಬುದ್ಧಿ ಯೋಳಕ್ಕೆ?" ಎಂದು ಗೊಣಗುತ್ತಿದ್ದ ಅಜ್ಜಿ ಕೊನೆಗೆ ಒಂದು ಸಿದ್ಧಾಂತವನ್ನೇ ಕಟ್ಟಿದಳು. ಮನೆಯಲ್ಲಿ ಬೇಡವಾದ ಎಡಚರನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿಕೊಂಡು ಸಿನಿಮಾ ತೆಗೆಯುತ್ತಾರೆ; ಅದಕ್ಕೇ ಮರ್ಯಾದಸ್ಥರು ಆ ಕಡೆ ಹೋಗುವುದಿಲ್ಲ. ಈ ಮಾತು ಹೇಳುವಾಗ ಆಕೆ ನನ್ನ ಕಡೆ ಒಮ್ಮೆ ನೋಡುತ್ತಿದ್ದಳು.

ಯಾಕೆಂದರೆ ನಾನೂ ಎಡಚಿ. ಹುಟ್ಟಿದಾಗಿನಿಂದ ನನ್ನ ಎಡಗೈಯೇ ಮುಂದೆ. ಅದನ್ನು ಹಿಂದಕ್ಕೆ ಕಳಿಸಲು ಮನೆಯವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಜ್ಜಿ ಬೆರಳುಗಳಿಗೆ ಬೇವಿನೆಣ್ಣೆ ಹಚ್ಚಿದಳು, ಅವ್ವ ಊಟದ ಹೊತ್ತಿಗೆ ಸೆರಗಿನ ತುದಿಯಿಂದ ಕೈಯನ್ನು ಸೊಂಟಕ್ಕೆ ಕಟ್ಟಿದಳು, ಮೇಷ್ಟ್ರು ಗೆಣ್ಣಿನ ಮೇಲೆ ಬಾರಿಸಿದರು. ನಾನು ಬಲಗೈಯಲ್ಲಿ ಉಣ್ಣಲು ಕಲಿತೆ, ಬರೆಯಲು ಕಲಿತೆ, ರಂಗೋಲಿ ಎಳೆಯಲು ಕಲಿತೆ. ಆದರೂ ಮೈಮರೆತರೆ ಎಡಗೈ ತಾನೇ ತಾನಾಗಿ ಮುಂದೆ ಬಂದುಬಿಡುತ್ತಿತ್ತು.

ಭಾಷೆಯೂ ಈ ವಿಷಯದಲ್ಲಿ ಅಜ್ಜಿಯ ಪಕ್ಷ. ಬಲ ಎಂದರೆ ಬಲಗಡೆಯೂ ಹೌದು, ಶಕ್ತಿಯೂ ಹೌದು. ಎಡದ ಪಾಲಿಗೆ ಬಂದದ್ದು ಎಡವುವುದು, ಎಡವಟ್ಟು, ಎಡಬಿಡಂಗಿ. ಈ ಪದಗಳಿಗೆಲ್ಲ ಒಂದೇ ಬೇರೋ ಅಲ್ಲವೋ ಪಂಡಿತರು ಜಗಳಾಡಲಿ, ಬೈಸಿಕೊಂಡವಳಿಗೆ ಎಲ್ಲವೂ ಒಂದೇ. ಆದರೆ ಶಿವನು ಪಾರ್ವತಿಗೆ ತನ್ನ ಮೈಯ ಎಡಭಾಗವನ್ನೇ ಕೊಟ್ಟ. ಅಜ್ಜಿ ದಿನಾ ಬೆಳಿಗ್ಗೆ ಲಿಂಗವನ್ನು ಇಟ್ಟುಕೊಂಡು ಪೂಜೆ ಮಾಡುತ್ತಿದ್ದದ್ದೂ ಎಡ ಅಂಗೈಯ ಮೇಲೆ. ದೇವರು ಕೂರುವ ಕೈಯಲ್ಲಿ ಒಂದು ಲೋಟ ನೀರು ಕೊಟ್ಟರೆ ಹೇಗೆ ತಪ್ಪಾಗುತ್ತದೆಂದು ಒಮ್ಮೆ ಕೇಳಿದ್ದೆ. "ಬಾಯ್ ಮುಚ್ಕಂಡು ನೀರು ಕೊಡು, ಬಲಗೈಲಿ" ಎಂದಳು. ಶಾಸ್ತ್ರಚರ್ಚೆ ಅಲ್ಲಿಗೆ ಮುಗಿಯಿತು.

ಹಾಗಾಗಿ ಹಿತ್ತಿಲಿನ ಸಿನಿಮಾ ನನಗೆ ಬರೀ ಸಿನಿಮಾ ಆಗಿರಲಿಲ್ಲ. ಅಷ್ಟು ಚೆಲುವೆಯರು ಎಡಗೈಯಲ್ಲಿ ಹೂ ಮುಡಿದು, ಎಡಗೈಯಲ್ಲಿ ಬಡಿಸಿ, ಎಡಗೈಯಿಂದ ತಾಳಿ ಕಟ್ಟಿಸಿಕೊಂಡು ಸುಖವಾಗಿದ್ದರು. ಯಾರೂ ಅವರನ್ನು ಬೈಯುತ್ತಿರಲಿಲ್ಲ. ನಾನು ಮಿಡ್ಲ್ ಸ್ಕೂಲು ಓದಿದವಳು, ಪರದೆಯ ಹಿಂದಿನಿಂದ ನೋಡಿದರೆ ಬಲವೇ ಎಡವಾಗಿ ಕಾಣುತ್ತದೆಂದು ಹೊಳೆಯಬೇಕಿತ್ತು. ಹೊಳೆಯುವುದು ನನಗೇ ಬೇಡವಾಗಿತ್ತೇನೋ.

ಹೀಗಿರುವಾಗ ಸರಗೂರಿನಿಂದ ನನ್ನನ್ನು ನೋಡಲು ಬಂದರು. ಹುಡುಗ, ಅವನ ಸೋದರತ್ತೆ, ಜೊತೆಗೆ ಒಬ್ಬ ಮಾವ. ಹುಡುಗನಿಗೆ ತಂದೆತಾಯಿ ಇಲ್ಲ, ಸಾಕಿದವಳು ಅತ್ತೆಯೇ. ನಾನು ಬಲಗೈಯಲ್ಲಿ ಕಾಫಿ ಕೊಟ್ಟೆ, ಬಲಗೈಯಲ್ಲಿ ಎಲೆಯಡಿಕೆ ಇಟ್ಟೆ. ಹುಡುಗ ಲೋಟ ತೆಗೆದುಕೊಳ್ಳುವಾಗ ಮೆಲ್ಲಗೆ, "ನೀವೂ ಕುಡುದ್ರಾ?" ಎಂದು ಕೇಳಿದ. ಹೆಣ್ಣು ನೋಡಲು ಬಂದವನು ಹೆಣ್ಣನ್ನು ಮಾತಾಡಿಸಿದ್ದು ನಾನು ಕೇಳಿಯೇ ಇರಲಿಲ್ಲ. ಅಷ್ಟಕ್ಕೇ ನನ್ನ ಮನಸ್ಸು ಸರಗೂರಿನ ಬಸ್ಸು ಹತ್ತಿ ಕೂತಿತು. ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಪರ್ವಾಗಿಲ್ಲ" ಎಂದಳು. ನಮ್ಮ ಕಡೆ ಅದು ದೊಡ್ಡ ಹೊಗಳಿಕೆ.

ವಾಪಸು ಹೋಗಲು ಆ ಸಂಜೆ ಬಸ್ಸಿರಲಿಲ್ಲ. ಡೇರೆಯ ಹಾಡು ಕಿವಿಗೆ ಬೀಳುತ್ತಲೇ ಅತ್ತೆ, "ಎಂಗೂ ಉಳ್ಕಂಡಿದೀವಿ, ಸಿನಿಮಾ ನೋಡಣ. ಉಡ್ಗೀನೂ ಬರ್ಲಿ ಕಣ್ರೀ" ಎಂದಳು. ಗಂಡಿನ ಕಡೆಯವರು ಬಾಯಿಬಿಟ್ಟು ಕೇಳಿದ ಮೇಲೆ ಅಪ್ಪನ ಕಟ್ಟುನಿಟ್ಟು ಹೆಗಲ ಮೇಲೆ ವಲ್ಲಿ ಹಾಕಿಕೊಂಡು ತಾನೇ ಮುಂದಾಗಿ ಹೊರಟಿತು. ನಾನು ಮೊದಲ ಸಲ ಡೇರೆಯೊಳಗೆ, ಪರದೆಯ ಮುಂದೆ ಕೂತೆ.

ಕಥೆ ಹೆಚ್ಚೇನಿಲ್ಲ. ಹೀರೋನ ತಾಯಿ ತುಂಬಿದ ಮನೆಯಲ್ಲಿ ಬಡಹುಡುಗಿಯನ್ನು ಬೈದು ಆಚೆಗೆ ಹಾಕುತ್ತಾಳೆ, ಹೀರೋ ತಲೆ ತಗ್ಗಿಸಿ ನಿಂತಿರುತ್ತಾನೆ, ಕೊನೆಗೆ ಪಶ್ಚಾತ್ತಾಪಪಟ್ಟು ತಾಳಿ ಕಟ್ಟುತ್ತಾನೆ. ನಾನು ಕಥೆಯನ್ನು ನೋಡಲೇ ಇಲ್ಲ. ಬರೀ ಕೈಗಳನ್ನು ನೋಡಿದೆ. ಎಲ್ಲರೂ ಬಲಗೈಯವರು. ಮೊದಲಲ್ಲಿ ಬಂದ ಹೆಸರುಗಳೂ ಅಚ್ಚ ಕನ್ನಡದಲ್ಲಿದ್ದವು. ನನ್ನವರು ಅಂದುಕೊಂಡಿದ್ದವರಲ್ಲಿ ಒಬ್ಬರೂ ನನ್ನವರಾಗಿರಲಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಕಣ್ಣು ಮಂಜಾಗಿ, ಅತ್ತೆ ಪಕ್ಕದಿಂದ ಪುರಿಗಡಲೆ ನೀಡಿದ್ದಕ್ಕೆ ಸುಮ್ಮನೆ ಕೈ ಚಾಚಿದೆ. ಚಾಚಿದ್ದು ಎಡಗೈ. ಪರದೆಯ ಬೆಳಕಿನಲ್ಲಿ ಅತ್ತೆ ಆ ಕೈಯನ್ನೇ ನೋಡಿದಳು. ಪುರಿ ಮಾತ್ರ ಕೈಗೆ ಬೀಳಲಿಲ್ಲ.

ಬೆಳಿಗ್ಗೆ ಪಡಸಾಲೆಯಲ್ಲಿ ರೊಟ್ಟಿ ತಿನ್ನುತ್ತಾ ಸಿನಿಮಾದ ಚರ್ಚೆ ಶುರುವಾಯಿತು. ನಾನು ಬಾಗಿಲ ಹಿಂದೆ. ಹುಡುಗನಿಗೆ ಹೀರೋ ಮೇಲೆ ಭಾರಿ ಕೋಪ. "ಅಲ್ಲ ಕಣ್ರೀ, ಅವ್ರವ್ವ ಆ ಪಾಟಿ ಅಂತಾವ್ಳೆ, ಇವ್ನು ಕಂಬದಂಗೆ ನಿಂತವ್ನಲ್ಲ. ಒಂದ್ ಮಾತು ಆಡ್ಬೇಕಾಗಿತ್ತು. ಬಾಯಿ ಇರ್ನಿಲ್ವಾ? ನಾನಾಗಿದ್ರೆ ಆ ಉಡ್ಗಿ ಕೈ ಇಡ್ಕಂಡು ಆಚ್ಗೆ ಬತ್ತಿದ್ದೆ." ಅಪ್ಪ ಹೌದು ಹೌದು ಎಂದರು. ಬಾಗಿಲ ಹಿಂದೆ ನನಗೆ ಎದೆ ತುಂಬಿ ಬಂತು. ಇವನು ಮಾತಾಡುವವನು ಅಂದುಕೊಂಡೆ.

ಅತ್ತೆ ಕೈ ತೊಳೆದು ಕೂತಳು. "ಸಿನಿಮಾ ಪರ್ವಾಗಿಲ್ಲ. ಉಡ್ಗೀನೂ ಪರ್ವಾಗಿಲ್ಲ. ಆದ್ರೆ ಎಡಚಿ ಕಣ್ರೀ, ನೀವು ಯೋಳ್ನಿಲ್ಲ. ನಮ್ಮನೆ ದೇವ್ರ ದೀಪ ಅಚ್ಬೇಕಾದೋಳು. ಬ್ಯಾಡ ಬುಡಿ" ಎಂದಳು. ಅವ್ವ, ಊಟ ಪೂಜೆ ಎಲ್ಲ ಬಲಗೈಯಲ್ಲೇ ಮಾಡುತ್ತಾಳೆಂದು ಅಂಗಲಾಚಿದಳು. ಅಪ್ಪ ಹುಡುಗನ ಕಡೆ ತಿರುಗಿ, "ನೀವೇನಂತೀರಪ್ಪ?" ಎಂದು ಕೇಳಿದರು. ಹುಡುಗ ತಟ್ಟೆ ನೋಡುತ್ತಾ, "ಅತ್ತೆ ಎಂಗಂತಾರೋ ಅಂಗೆ" ಎಂದ. ಆಮೇಲೆ ಇನ್ನೊಂದು ಚೂರು ಚಟ್ನಿ ಕೇಳಿದ. ಅವ್ವ ಬಡಿಸಿದಳು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಆ ಚಟ್ನಿಗೆ.

ಆ ಸಂಜೆ ಅದೇ ಸಿನಿಮಾ ಇತ್ತು. ಅವ್ವ ಹೊರಗೆ ಬರಲಿಲ್ಲ. ನಾನು, ಅಜ್ಜಿ ಒಗೆಯುವ ಕಲ್ಲಿನ ಮೇಲೆ ಕೂತೆವು. ಪರದೆಯ ಹಿಂದಿನ ಗುಟ್ಟನ್ನು ನಾನು ಅಜ್ಜಿಗೆ ಹೇಳಲಿಲ್ಲ, ಹೇಳಿ ಆಗಬೇಕಾದ್ದು ಏನೂ ಇರಲಿಲ್ಲ. ಸಿನಿಮಾದ ಹೀರೋ ಮತ್ತೆ ಎಡಚನಾಗಿ, ಎಡಗೈಯಿಂದಲೇ ತಾಳಿ ಎತ್ತಿಕೊಂಡ. ಅಜ್ಜಿ ಬೈಯುತ್ತಾಳೆಂದು ಕಾದೆ. ಆಕೆ ಹುಣಸೆಬೀಜ ಬಿಡಿಸುವುದನ್ನು ನಿಲ್ಲಿಸಿ ನನ್ನ ಎಡಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಎಡಗೈಲಿ ಕಟ್ಟುದ್ರೆ ಏನಾಯ್ತು ಬುಡು" ಎಂದಳು, "ಕಟ್ಟುದ್ನಲ್ಲ."

ಆಮೇಲೆ ನನಗೂ ಮದುವೆಯಾಯಿತು. ನನ್ನ ಗಂಡನಿಗೆ ಸಿನಿಮಾ ಬಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ, ಅದು ನನಗೆ ದೊಡ್ಡ ಗುಣವಾಗಿಯೇ ಕಂಡಿತು. ಈಗ ಮನೆಗೆ ಬಂದ ಗಂಡಸರು ಟೀವಿ ಮುಂದೆ ಕಾಲು ನೀಡಿ, ಹೀರೋ ಅಲ್ಲಿ ಒಂದು ಮಾತು ಆಡಬೇಕಿತ್ತು ಎಂದು ಶುರು ಮಾಡಿದರೆ, ನಾನು ಅಡುಗೆಮನೆಯಿಂದ ಅವರಿಗೆ ಎಡಗೈಯಲ್ಲೇ ಕಾಫಿ ತಂದುಕೊಡುತ್ತೇನೆ. ಇದುವರೆಗೆ ಯಾರೂ ಬೇಡವೆಂದಿಲ್ಲ. ಕಾಫಿ ಚೆನ್ನಾಗಿರುತ್ತದೆ.